ಕಪ್ಪಿನ ತಳದ ಕೆಂಪು ಚುಕ್ಕೆ

“ಪೌರತ್ವ ಅಂದ್ರೆ ಬರೀ ಪಾಸ್‌ಪೋರ್ಟಲ್ಲ, ನಿಖಿತಾ. ಈ ಊರು ನಂದೂ ಹೌದು ಅಂತ ಪ್ರತಿಯೊಬ್ಬರಿಗೂ ಅನ್ನಿಸಬೇಕು, ಅದೇ ಪೌರತ್ವ. ಯಾರನ್ನೂ ಬಾಗಿಲ ಹೊರಗೆ ನಿಲ್ಲಿಸದೆ ಒಳಗೆ ಕರೆಯೋದು ಇನ್‌ಕ್ಲೂಷನ್. ಕರೆದ ಮೇಲೆ ಒಂದೇ ಪಂಕ್ತೀಲಿ ಕೂರಿಸೋದು ಸಾಮಾಜಿಕ ನ್ಯಾಯ. ಸೋಷಿಯಲ್ ವರ್ಕ್ ಅನ್ನೋದು ದೊಡ್ಡವರು ಚಿಕ್ಕವರಿಗೆ ಮಾಡೋ ಉಪಕಾರ ಅಲ್ಲ. ನಮ್ಮ ಮನೇಲಂತೂ ಮೇಲು ಕೀಳು ಅನ್ನೋದು ಮೂವತ್ತು ವರ್ಷದಿಂದ...”

ಪದ್ಮಿನಿ: ರೀ, ಸಾಕು ನಿಲ್ಸಿ ನಿಮ್ಮ ರಿಹರ್ಸಲ್ಲು, ಆ ಹುಡುಗಿ ಇನ್ನೂ ಬಂದೇ ಇಲ್ಲ. ಮೊದ್ಲು ಆ ಕಪ್ಪಿಗೊಂದು ದಾರಿ ಹೇಳಿ.

ಹಾಲ್‌ನಲ್ಲಿ ಕೆಂಪಮ್ಮ ವ್ಯಾಕ್ಯೂಮ್ ಕ್ಲೀನರ್ ಆಫ್ ಮಾಡಿದರು. ಹೊರದೇಶದ ಎಪ್ಪಿಂಗ್ ಊರಿನ ಈ ಮನೆಯನ್ನು ವಾರಕ್ಕೊಮ್ಮೆ ಗುಡಿಸಿ, ಒರೆಸಿ, ಪಾತ್ರೆ ತೊಳೆದು ಹೋಗುವ ಹೆಂಗಸು. ಮಗಳು ಕರೆಸಿಕೊಂಡ ಮೇಲೆ ಇಲ್ಲೇ ನೆಲೆಯಾಗಿ, ಸಿಟಿಜನ್ ಕೂಡ ಆದವರು. ಇವತ್ತು ಮನೆಯಲ್ಲಿ ಯಾಕಿಷ್ಟು ಗಡಿಬಿಡಿ ಎಂದು ಅವರಿಗೆ ಗೊತ್ತಿತ್ತು. ರಿಟೈರಾದ ಮೇಲೆ ಪದ್ಮಿನಿಯ ಗಂಡ ಚಂದ್ರಮೋಹನರ ಮಾತಿಗೆ ಕಿವಿ ಕೊಡುವವರಿರಲಿಲ್ಲ. ಒಂಟಿ ಹಿರಿಯರ ಮನೆಗೆ ಹೋಗಿ ಮಾತಾಡಿಸಿ ಬರುವ ಸ್ವಯಂಸೇವಕನ ಕೆಲಸ ಸಿಕ್ಕರೆ, ಪಾಪ, ಆ ಹಿರಿಯರು ಎದ್ದು ಹೋಗುವ ಹಾಗಿಲ್ಲ! ಆ ಕೆಲಸಕ್ಕೆ ಇವರು ಆಗುತ್ತಾರೋ ಇಲ್ಲವೋ ಎಂದು ನೋಡಲು ಸೋಷಿಯಲ್ ವರ್ಕರ್ ನಿಖಿತಾ ಹನ್ನೊಂದಕ್ಕೆ ಬರುವವಳಿದ್ದಳು.

ಕೆಂಪಮ್ಮ ಅಡುಗೆಮನೆಯ ಬಾಗಿಲ ಪಕ್ಕ ಧೂಳು ಒರೆಸತೊಡಗಿದರು. ಅಲ್ಲಿ ಧೂಳಿರಲಿಲ್ಲ.

ಚಂದ್ರಮೋಹನ್: ನಿಖಿತಾ ಬಂದಾಗ ಕೆಂಪಮ್ಮ ನಮ್ಮ ಜೊತೆ ಟೇಬಲ್ಲಲ್ಲಿ ಕೂತು ಟೀ ಕುಡೀತಿರ್ಬೇಕು. ನಾನೇನೂ ಹೇಳೋದೇ ಬೇಡ, ಕಣ್ಣಿಗೇ ಕಾಣತ್ತೆ.

ಪದ್ಮಿನಿ: ಎರಡು ವರ್ಷದಿಂದ ಬಟ್ಟೆ ಒಗೆಯೋ ಲಾಂಡ್ರಿ ರೂಮಲ್ಲಿ ಸ್ಟೂಲ್ ಹಾಕ್ಕೊಂಡು ಕುಡಿದೋರು ರೀ ಅವ್ರು.

ಚಂದ್ರಮೋಹನ್: ಅಲ್ಲಿ ಬಿಸಿಲು ಚೆನ್ನಾಗಿ ಬೀಳತ್ತೆ ಅಂತ ಕೂರ್ತಾರೆ.

ಪದ್ಮಿನಿ: ಆ ಬಿಸಿಲಲ್ಲಿ ನೀವೊಂದ್ಸಲ ಕೂತಿದೀರಾ?

ಚಂದ್ರಮೋಹನ್: ಕಪ್ಪಿಗೆ ಗುರುತು ಹಾಕಿದ್ದು ಯಾರು? ನಿನ್ನ ನೇಲ್ ಪಾಲಿಶ್ಶು!

ಪದ್ಮಿನಿ: ಹಾಕು ಅಂದಿದ್ದು ಯಾರು? ನಿಮ್ಮ ಬಾಯಿ!

ಚಂದ್ರಮೋಹನ್: ಹೈಜೀನ್ ಅಂದೆ ಕಣೇ.

ಪದ್ಮಿನಿ: ಆ ಬಿಳೀ ಪ್ಲಂಬರ್ರು ನಿಮ್ಮ ಕಪ್ಪಲ್ಲೇ ಕಾಫಿ ಕುಡಿದು ಹೋದ್ನಲ್ಲ, ಆಗೆಲ್ಲಿ ಹೋಗಿತ್ತು ಹೈಜೀನು?

ಚಂದ್ರಮೋಹನ್: ಅವನು... ಗೆಸ್ಟು.

ಆರೂ ಒಂದೇ ಸೆಟ್ಟಿನ ಬಿಳಿ ಕಪ್ಪುಗಳು. ಬೇರೆ ಬಣ್ಣದ ಕಪ್ಪು ಕೊಟ್ಟರೆ ಕೆಂಪಮ್ಮನ ಮನಸ್ಸಿಗೆ ನೋವಾದೀತೆಂದು, ಅವರ ಕಪ್ಪಿನ ತಳದಲ್ಲಷ್ಟೇ ಸಣ್ಣದೊಂದು ಕೆಂಪು ಚುಕ್ಕೆ ಇಟ್ಟಿದ್ದರು. ಅಷ್ಟು ಸೂಕ್ಷ್ಮ ಜನ.

ಪದ್ಮಿನಿ: ಅದನ್ನ ಹುಡುಕಿ ಕಸದ ಬಿನ್ನಿಗೆ ಹಾಕ್ಬಿಡೋಣ. ಆಮೇಲೆ ಯಾವ ಕಪ್ಪಾದ್ರೇನು.

ಚಂದ್ರಮೋಹನ್: ಸಿಕ್ತು.

ಪದ್ಮಿನಿ: ನಂಗೂ ಸಿಕ್ತು.

ಚಂದ್ರಮೋಹನ್: ನಿಂಗೆ ಹೇಗೆ ಸಿಗತ್ತೆ? ಅದು ನನ್ನ ಕೈಲಿದೆ.

ಪದ್ಮಿನಿ: ಇಲ್ನೋಡಿ, ಇದಕ್ಕೂ ಇದೆ. ಇದಕ್ಕೂ! ಅಯ್ಯೋ, ಆರಕ್ಕಾರೂ!

ಚಂದ್ರಮೋಹನ್: ಹಾಗಾದ್ರೆ ಬೆಳಿಗ್ಗೆ ನಾನು ಕುಡಿದಿದ್ದು?

ಪದ್ಮಿನಿ: ಎರಡು ಸಲ ಕುಡಿದ್ರಿ. ಇವತ್ತು ಸಖತ್ತಾಗಿದೆ ಅಂತ ಹೊಗಳಿದ್ರಿ.

ಕೆಂಪಮ್ಮ: ದೀಪಾವಳಿಯಿಂದ ಹಂಗೇ ಕುಡೀತಾ ಇದೀರಿ ಸಾ.

ಇಬ್ಬರೂ ಬೆಚ್ಚಿ ತಿರುಗಿದರು. ಕೆಂಪಮ್ಮ ಧೂಳು ಒರೆಸುವ ಬಟ್ಟೆಯನ್ನು ನಿಧಾನವಾಗಿ ಮಡಿಚಿದರು.

ಕೆಂಪಮ್ಮ: ಹಬ್ಬಕ್ಕೆ ಕಬೋರ್ಡು ಕ್ಲೀನ್ ಮಾಡ್ವಾಗ ನಾನೇ ಇಟ್ಟೆ. ಒಂದೇ ಚುಕ್ಕೆ, ಒಂಟಿಯಾಗಿತ್ತು. ನೀವೇ ಹೇಳ್ತಿದ್ರಲ್ಲ, ಯಾರ್ನೂ ಹೊರ್ಗೆ ಇಡಬಾರ್ದು ಅಂತ. ಅದ್ಕೇ ನಿಮ್ಮನ್ನೂ ಸೇರಿಸ್ಕಂಡೆ.

ಪದ್ಮಿನಿ: ನಿಮಗೆ... ಗೊತ್ತಿತ್ತಾ?

ಕೆಂಪಮ್ಮ: ಕಪ್ಪಿನ ತಳ ಕುಡಿಯೋರ್ಗೆ ಕಾಣಾಕಿಲ್ಲ ಅಮ್ಮೋರೆ. ತೊಳೆಯೋರ್ಗೆ ಕಾಣ್ತದೆ.

ಕೆಟಲ್ ಕುದ್ದು ತಾನೇ ಆರಿತು.

ಚಂದ್ರಮೋಹನ್: ಹಾಗಲ್ಲ ಕೆಂಪಮ್ಮ, ಈ ಬ್ಯಾಕ್ಟೀರಿಯಾ ಇದೆಯಲ್ಲ...

ಕೆಂಪಮ್ಮ: ಓಟಿನ ದಿನ ಇಸ್ಕೂಲಲ್ಲಿ ನನ್ ಹಿಂದೇನೇ ನಿಂತಿದ್ರಿ ಸಾ. ನನ್ ಚೀಟಿ ಮೇಲೇ ನಿಮ್ ಚೀಟಿ ಬಿತ್ತು, ಒಂದೇ ಡಬ್ಬಕ್ಕೆ. ಏನಾರ ಜ್ವರ ಗಿರ ಬಂತಾ?

ಪದ್ಮಿನಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಬೆಲ್ ಆಯಿತು. ಚಂದ್ರಮೋಹನರ ಮುಖ ಕಪ್ಪಿಗಿಂತ ಬೆಳ್ಳಗಾಯಿತು.

ಚಂದ್ರಮೋಹನ್: ಕೆಂಪಮ್ಮ, ದಯವಿಟ್ಟು... ಬನ್ನಿ, ಟೇಬಲ್ಲಲ್ಲಿ ಕೂತ್ಕೊಳಿ.

ಕೆಂಪಮ್ಮ: ತೋರ್ಸಕ್ಕೋ, ಟೀ ಕುಡಿಯಕ್ಕೋ?

ಚಂದ್ರಮೋಹನ್: ...ಟೀ ಕುಡಿಯೋಕೆ.

ಕೆಂಪಮ್ಮ: ಹಂಗಾರೆ ಮುಂದಿನ ವಾರನೂ ಇಲ್ಲೇ ಕೂರ್ತೀನಿ. ಬಂದಿರೋ ಆ ಮಗೀಗೆ ನಾನೇನೂ ಹೇಳಾಕಿಲ್ಲ ಬುಡಿ. ಆದ್ರೆ ಸಾ, ಕಪ್ಪೆಲ್ಲ ತಡಕಾಡಿ ಗಲೀಜು ಮಾಡಿದೀರಲ್ಲ, ಯಾರು ತೊಳೀತಾರೆ? ಟೇಬಲ್ಲಲ್ಲಿ ಕೂತೋಳು ನಾನು ಗೆಸ್ಟು.

ಪದ್ಮಿನಿ ಬಾಗಿಲು ತೆರೆಯಲು ಹೋದರು. ಕೆಂಪಮ್ಮ ಕುರ್ಚಿ ಎಳೆದುಕೊಂಡು ಆರಾಮವಾಗಿ ಕೂತರು. ಚಂದ್ರಮೋಹನ್ ಅಂಗಿಯ ತೋಳು ಮಡಿಚಿ ಸಿಂಕಿನ ಮುಂದೆ ನಿಂತರು.

ಚಂದ್ರಮೋಹನ್: ಎಷ್ಟು ಉಜ್ಜಿದ್ರೂ ಹೋಗ್ತಾ ಇಲ್ವಲ್ಲ ಕೆಂಪಮ್ಮ, ಈ ಚುಕ್ಕೆ!

ಕೆಂಪಮ್ಮ: ಹೋಗಾಕಿಲ್ಲ ಸಾ. ಅಮ್ಮೋರ ಉಗುರುಬಣ್ಣದ ಬಾಟ್ಲೀದೇ. ಭಾರೀ ಗಟ್ಟಿ ಮಾಲು.

ಚಂದ್ರಮೋಹನ್ ಆ ಕಪ್ಪನ್ನು ಬೋರಲು ಹಾಕಿ, ಸ್ಪಂಜಿಗೆ ಇನ್ನಷ್ಟು ಸೋಪು ಸುರಿದು, ಎರಡನೆಯದನ್ನು ಕೈಗೆತ್ತಿಕೊಂಡರು.