ಅತ್ತೆಗೆ ಯೂರೊ ಒಪ್ಪಿಸಿದ ಕಥೆ

ಬಲ್ಗೇರಿಯಾದ ಹಳೆಯ ದುಡ್ಡು ಲೆವ್ ಹೋಗಿ ಯೂರೊ ಬರುವ ಜನವರಿ ಒಂದನೇ ತಾರೀಖು ಬೆಳಿಗ್ಗೆ ನಮ್ಮ ಬೀದಿಯಲ್ಲಿ ಯೂರೊ ಕೊಟ್ಟು ಬ್ರೆಡ್ ಕೊಳ್ಳುವ ಮೊದಲ ಗಂಡಸು ನಾನೇ ಆಗಬೇಕು! ಹೀಗೆಂದು ಡಿಸೆಂಬರಿನಲ್ಲಿ ಕಾಫಿ ಅಂಗಡಿಯಲ್ಲಿ ಕೂತು, ಮೇಜು ಗುದ್ದಿ, ಎಲ್ಲರ ಎದುರಿಗೂ ಘೋಷಿಸಿಬಿಟ್ಟೆ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಎಲುಬಿಲ್ಲದ ನಾಲಿಗೆ ನಿಲ್ಲಬೇಕಲ್ಲ! "ಅವತ್ತಿನಿಂದ ಈ ಮಿಂಚೊನ ಕೈಯಿಂದ ಒಂದೇ ಒಂದು ಲೆವ್ ಹೊರಟರೂ ನನ್ನನ್ನ ಗಾಬ್ರೊವೊದವನು ಅಂತ ಕರೀಬೇಡಿ!" ಎಂದೂ ಸೇರಿಸಿದೆ.

ನಮ್ಮೂರು ಗಾಬ್ರೊವೊ. ಆ ಊರಿನವನಲ್ಲ ಎನಿಸಿಕೊಳ್ಳುವುದು ನಮಗೆ ಸಣ್ಣ ಶಿಕ್ಷೆಯಲ್ಲ. ಬೆಕ್ಕು ಒಳಬಂದೊಡನೆ ಬಾಗಿಲು ಬೇಗ ಮುಚ್ಚಿ ಮನೆಯ ಬಿಸಿ ಉಳಿಯಲೆಂದು ಅದರ ಬಾಲ ಕತ್ತರಿಸಿದ ಜಿಪುಣರು ಎಂದು ಇಡೀ ಬಲ್ಗೇರಿಯಾ ನಮ್ಮನ್ನು ನೋಡಿ ನಗುತ್ತದೆ. ನಗಲಿ! ದುಡ್ಡಿನ ಮರ್ಯಾದೆ ಗೊತ್ತಿರುವವರು ನಾವೇ. ಹೊಸ ದುಡ್ಡು ಬಂದಾಗ ಅದನ್ನು ಮೊದಲು ಎದುರುಗೊಳ್ಳಬೇಕಾದವರೂ ನಾವೇ.

ಪಕ್ಕದಲ್ಲೇ ಕೂತಿದ್ದ ನನ್ನ ಹೆಂಡತಿಯ ತಮ್ಮ ಕಾಲ್ಚೊ ಮಾತ್ರ ಮೀಸೆಯಲ್ಲೇ ನಕ್ಕ.

"ಭಾವ, ಯೂರೊ ದೇಶಕ್ಕೆ ಬರೋದಕ್ಕೆ ಸರ್ಕಾರ ಒಪ್ಪಿದ್ರೆ ಸಾಕು. ನೀವಿರೋ ಮನೆಗೆ ಬರೋದಕ್ಕೆ ನಮ್ಮಮ್ಮ ಒಪ್ಪಬೇಕು!"

ಮಾತು ನೇರ ಎದೆಗೇ ತಗುಲಿತು. ನಾನು ಮನೆಅಳಿಯ. ಮನೆ ಅತ್ತೆ ತೋನಾ ಅವರದು, ಒಲೆ ಅವರದು, ಅಡುಗೆಮನೆಯ ಬೀಗದ ಕೈ ಅವರದು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಮನೆಅಳಿಯನಿಗೆ ಯಾವ ಕಾಲವೂ ಇಲ್ಲ.

ಆದರೂ ವೀರ ಹಿಂಜರಿಯಬಹುದೇ? ಮರುದಿನವೇ ಬ್ಯಾಂಕಿನ ಮುಂದೆ ಚಳಿಯಲ್ಲಿ ಸಾಲು ನಿಂತು, ನನ್ನ ಜೇಬಿನ ಲೆವ್, ಹೆಂಡತಿ ರಾದ್ಕಾಳ ಚೀಲದ ಲೆವ್, ಕೋಟಿನ ಅಸ್ತರಿಗೆ ಜಾರಿದ್ದ ಲೆವ್ ಎಲ್ಲವನ್ನೂ ಸುರಿದು ಹೊಸ ಯೂರೊ ನಾಣ್ಯಗಳ ಪೊಟ್ಟಣಗಳನ್ನು ತಂದೆ. ದಿಗ್ವಿಜಯ ಮಾಡಿ ಬಂದವನಂತೆ ಅವಳ ಮುಂದೆ ಸುರಿದೆ.

"ಚೆನ್ನಾಗಿದೆ. ನಾಳೆ ಹಾಲಿಗೆ ದುಡ್ಡು ಕೊಡಿ" ಎಂದಳು ರಾದ್ಕಾ.

"ಇದೇನು ಕಲ್ಲೇನೇ? ಯೂರೊ ಕಣೇ!"

"ಯೂರೊ ನಡೆಯೋದು ಜನವರಿಯಿಂದ. ಹಾಲು ಬೇಕಿರೋದು ನಾಳೆಗೆ. ಹಸು ಅಲ್ಲೀತನಕ ಕಾಯುತ್ತಾ?"

ಕಾಯಲಿಲ್ಲ. ಆ ವಾರವೆಲ್ಲ ಹಾಲು, ಸೌದೆ, ಎಲೆಕೋಸು ಎಲ್ಲಕ್ಕೂ ಅತ್ತೆಯ ಮುಂದೆ ಕೈ ಚಾಚಬೇಕಾಯಿತು. ಅವರ ಲೆವ್ ಇರುವುದು ಉಪ್ಪಿನಕಾಯಿಯ ದೊಡ್ಡ ಭರಣಿಯಲ್ಲಿ. ಪ್ರತಿ ಸಲ ಮುಚ್ಚಳ ತಿರುಗಿಸುವಾಗಲೂ, "ಯುರೋಪಿಗೆ ಹೋದ ಅಳಿಯಂದ್ರು ಬಂದಿದಾರೆ, ಭಿಕ್ಷೆ ಹಾಕಮ್ಮಾ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಆ ಭರಣಿಯೇ ನನ್ನ ಪ್ರತಿಜ್ಞೆಗೆ ಅಡ್ಡ ನಿಂತ ಬೆಟ್ಟ! ಅದು ಇರುವ ತನಕ ಮನೆಯಲ್ಲಿ ಲೆವ್ ಇರುತ್ತದೆ. ಲೆವ್ ಇರುವ ತನಕ ಅಂಗಡಿಗೆ ಅದನ್ನು ಹೊರುವವನು ನಾನೇ. ಅತ್ತೆ ಭರಣಿಯನ್ನು ಬ್ಯಾಂಕಿಗೆ ಕೊಡಲೊಲ್ಲರು.

"ಸರ್ಕಾರದವರು ದುಡ್ಡು ಬದಲಾಯಿಸಿದ್ದನ್ನ ಹುಡುಗಿ ಆಗಿದ್ದಾಗಿಂದ ನೋಡ್ತಿದೀನಿ ಕಣಪ್ಪ" ಎಂದರು. "ಒಂದ್ಸಲ ಸೊನ್ನೆ ತೆಗೆದ್ರು, ಇನ್ನೊಂದ್ಸಲ ಮೂರು ಸೊನ್ನೆ ತೆಗೆದ್ರು. ತೊಂಬತ್ತೇಳರ ಚಳಿಗಾಲದಲ್ಲಿ ದುಡ್ಡಿನ ಬೆಲೆ ಬಿದ್ದು, ನಾನೂ ನಿಮ್ಮ ಮಾವನೂ ಮನೆ ಕಟ್ಟಕ್ಕೆ ಅಂತ ಕೂಡಿಟ್ಟಿದ್ದು ಒಂದು ಬಾಗಿಲಿಗೂ ಸಾಲಲಿಲ್ಲ. ಈಗ ನಮ್ಮ ಸಂತರನ್ನೇ ನಾಣ್ಯದಿಂದ ಓಡಿಸ್ತಾರೆ. ಆಮೇಲೆ ನಾವು ಯಾರು ಅಂತ ಹೇಳೋಕೆ ಏನುಳೀತು?"

ಕೊನೆಯ ಮಾತನ್ನು ಅವರು ಮೆಲ್ಲಗೆ ಹೇಳಿದರು. ಜಗಳಕ್ಕೆ ಹೇಳಿದ್ದಲ್ಲ, ನಿಜವಾಗಿಯೂ ಹೆದರಿದ್ದರು. ನನಗೆ ಪಾಪವೆನಿಸಿತು.

"ಅಯ್ಯೋ ಅತ್ತೆ, ಓಡಿಸಿಲ್ಲ! ರಿಲಾದ ಸಂತ ಇವಾನರು ಇಲ್ಲೂ ಇದಾರೆ, ನೋಡಿ!" ಎಂದು ಒಂದು ಯೂರೊವನ್ನು ಅವರ ಮುಖದ ಮುಂದೆ ಹಿಡಿದೆ.

ಅತ್ತೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು! "ನಿಮ್ಮ ದುಡ್ಡು ಭದ್ರವಾಗಿದೆ ಅಂತ ಆವಾಗ್ಲೂ ಹೇಳಿದ್ರು. ನಾನು ನೋಡಲ್ಲ. ಆಚೆ ಇಡು."

ಬಲಕ್ಕೆ ಹೋದೆ, ಎಡಕ್ಕೆ ಹೋದೆ. ಅವರು ಕಣ್ಣು ಬಿಡಲೇ ಇಲ್ಲ. ಕಣ್ಣು ಮುಚ್ಚಿಕೊಂಡೇ ಹೆಣಿಗೆಯ ಒಂದು ಸಾಲು ಮುಗಿಸಿದರು!

ಆಗ ನನ್ನ ಮಹಾಮೆದುಳಿಗೆ ಹೊಳೆದದ್ದು ಬಾನಿತ್ಸಾ! ವರ್ಷದ ಕೊನೆಯ ಸಂಜೆ ನಮ್ಮಲ್ಲಿ ಮನೆಮನೆಯಲ್ಲೂ ತೆಳ್ಳನೆಯ ಹಿಟ್ಟಿನ ಹಾಳೆಗಳ ನಡುವೆ ಚೀಸ್ ತುಂಬಿ ಬಾನಿತ್ಸಾ ಬೇಯಿಸುತ್ತಾರೆ. ಒಳಗೊಂದು ನಾಣ್ಯ ಅಡಗಿಸಿಡುತ್ತಾರೆ. ಅದು ಯಾರ ತುಂಡಿನಲ್ಲಿ ಸಿಕ್ಕಿತೋ ವರ್ಷದ ಅದೃಷ್ಟ ಅವರದು. ಆ ನಾಣ್ಯವನ್ನು ಬೇಡವೆಂದವರನ್ನು ನಾನು ಕಂಡಿಲ್ಲ. ಸಾಕ್ಷಾತ್ ಅದೃಷ್ಟವೇ ಯೂರೊ ತಂದು ಕೈಗಿಟ್ಟರೆ ಅತ್ತೆ ಎಲ್ಲಿಗೆ ಹೋದಾರು!

ಆ ದಿನ ರಾದ್ಕಾ ಬಾನಿತ್ಸಾ ಜೋಡಿಸಿ, ಒಲೆಗಿಡುವ ಮುನ್ನವೇ ಆರು ತುಂಡು ಮಾಡಿ, ಬೆಣ್ಣೆ ತರಲು ನೆಲಮಾಳಿಗೆಗೆ ಇಳಿದಳು. ನಾನು ಬೆಕ್ಕಿನ ಹೆಜ್ಜೆ ಇಟ್ಟು ಒಳಗೆ ಹೋದೆ. ಅತ್ತೆ ಕೂರುವ ದಿಕ್ಕಿನ ತುಂಡಿಗೆ ಒಂದು ಯೂರೊ ತೂರಿಸಿದೆ. ತೂರಿಸಿದ ಮೇಲೆ ನೆನಪಾಯಿತು, ತಿನ್ನುವ ಮೊದಲು ಮನೆಯ ಹಿರಿಯರು ತಟ್ಟೆಯನ್ನು ಮೂರು ಸುತ್ತು ತಿರುಗಿಸುತ್ತಾರೆ! ನಮ್ಮ ಹಿರಿಯರು ಯಾರು? ಅತ್ತೆಯೇ! ಅವರ ಕೈಯಲ್ಲಿ ತಟ್ಟೆ ಎಲ್ಲಿ ನಿಲ್ಲುತ್ತದೋ ದೇವರಿಗೂ ಗೊತ್ತಿಲ್ಲ.

ಗಾಬ್ರೊವೊದವನು ಅದೃಷ್ಟವನ್ನು ಅದೃಷ್ಟಕ್ಕೆ ಬಿಡುವುದಿಲ್ಲ. ಉಳಿದ ಐದೂ ತುಂಡಿಗೆ ಒಂದೊಂದು ಯೂರೊ ತುರುಕಿದೆ! ಮೆಟ್ಟಿಲ ಮೇಲೆ ಸದ್ದಾಯಿತು.

"ಇಲ್ಲೇನ್ ಮಾಡ್ತಿದೀರಿ?"

"ಉಪ್ಪು ಸಾಕಾ ಅಂತ ನೋಡ್ತಿದ್ದೆ."

"ಹಸಿ ಬಾನಿತ್ಸಾದಲ್ಲಾ? ಕೈಯಿಂದಾನಾ?"

ಸಂಜೆ ಕಾಲ್ಚೊ ರಾಕಿಯಾ ಹೆಂಡದ ಬಾಟಲಿ ಹಿಡಿದು ಬಂದ. ಮೇಜಿನ ಸುತ್ತ ಕೂತೆವು. ಅತ್ತೆ ತಟ್ಟೆ ತಿರುಗಿಸಿದರು. ಮೊದಲ ತುಂಡು ದೇವಮಾತೆಗೆ, ಎರಡನೆಯದು ಮನೆಗೆ, ಆಮೇಲೆ ಅತ್ತೆಗೆ, ನನಗೆ, ರಾದ್ಕಾಗೆ, ಕಾಲ್ಚೊಗೆ. ನಾನು ಅತ್ತೆಯನ್ನೇ ನೋಡುತ್ತ ಕೂತೆ. ಅವರಿಗೇನೂ ಆತುರವಿರಲಿಲ್ಲ. ಚಾಕು ಒರೆಸಿದರು, ಬಟ್ಟೆ ಮಡಚಿದರು.

ಕಟಕ್!

"ನನಗೇ ಬಂತು!" ಎಂದು ಕಾಲ್ಚೊ ಕುರ್ಚಿಯಿಂದ ಎದ್ದ. "ಯೂರೊ! ಅಮ್ಮಾ, ಈ ವರ್ಷ ನಂದೇ!"

"ಸುಳ್ಳು, ನನಗೆ ಬಂದಿದೆ!" ಎಂದಳು ರಾದ್ಕಾ. ಅವಳ ಬೆರಳ ತುದಿಯಲ್ಲೂ ಒಂದು ಯೂರೊ.

ಅಕ್ಕ ತಮ್ಮ ಒಬ್ಬರನ್ನೊಬ್ಬರು ನೋಡಿಕೊಂಡರು. ಅನುಮಾನ ಬಂದು ಕಾಲ್ಚೊ ಮನೆಯ ಪಾಲಿನ ತುಂಡು ಮುರಿದ. ಅಲ್ಲೂ ಇತ್ತು! ರಾದ್ಕಾ ಶಿಲುಬೆಯ ಗುರುತು ಮಾಡಿಕೊಂಡು ದೇವಮಾತೆಯ ತುಂಡು ಬಿಡಿಸಿದಳು. ಅಲ್ಲೂ ಇತ್ತು! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ನಾನು ಬಟ್ಟೆ ಎಳೆದು ನನ್ನ ತಟ್ಟೆ ಮುಚ್ಚಿಕೊಂಡೆ.

"ರೀ..." ಎಂದಳು ರಾದ್ಕಾ. ಆ ಒಂದೇ ಅಕ್ಷರದಲ್ಲಿ ನಮ್ಮ ದಾಂಪತ್ಯವೆಲ್ಲ ಅಡಗಿತ್ತು.

"ದೇವಮಾತೆಗೂ ಲಂಚ ಕೊಟ್ಟರಾ ಭಾವ?"

"ಎಲ್ಲರಿಗೂ ಬಂದ್ರೆ ಒಳ್ಳೇದೇ ಅಲ್ವೇನೋ!" ಎಂದು ತೊದಲಿದೆ.

ಅತ್ತೆ ಚಾಕು ಕೆಳಗಿಟ್ಟರು. "ಎಲ್ಲರಿಗೂ ಬರೋದು ಅದೃಷ್ಟ ಅಲ್ಲ ಅಳಿಯಂದ್ರೆ. ಅದು ಪಿಂಚಣಿ."

ಕಾಲ್ಚೊ ಬಿದ್ದು ಬಿದ್ದು ನಕ್ಕ. ನನ್ನ ಪ್ರತಿಜ್ಞೆ ಚೀಸಿನ ಜೊತೆ ತಣ್ಣಗಾಗುತ್ತಿತ್ತು. ಆ ಹೊತ್ತಿಗೆ ಅತ್ತೆ ತಮ್ಮ ತುಂಡು ಮುರಿದರು. ಒಂದಲ್ಲ, ಎರಡು ನಾಣ್ಯ ಉರುಳಿದವು! ಒಂದು ನನ್ನ ಯೂರೊ. ಇನ್ನೊಂದು ರಾದ್ಕಾ ಪ್ರತಿ ವರ್ಷದಂತೆ ಹಾಳೆಯ ನಡುವೆ ಇಟ್ಟಿದ್ದ ಒಂದು ಲೆವ್. ಅದನ್ನು ನಾನು ಮರೆತೇಬಿಟ್ಟಿದ್ದೆ. ಆರು ತುಂಡಿನಲ್ಲಿ ಅದು ಅತ್ತೆಯ ತುಂಡಿಗೇ ಬಂದದ್ದು ಮಾತ್ರ ನನ್ನ ಕೈಚಳಕವಲ್ಲ.

ಬಾನಿತ್ಸಾದಲ್ಲಿ ಸಿಕ್ಕಿದ್ದಕ್ಕೆ ಕಣ್ಣು ಮುಚ್ಚುವಂತಿಲ್ಲ. ಅತ್ತೆ ಕನ್ನಡಕ ಹಾಕಿಕೊಂಡರು. ಎರಡನ್ನೂ ಒರೆಸಿ, ಅಂಗೈಯಲ್ಲಿ ಅಕ್ಕಪಕ್ಕ ಇಟ್ಟು, ದೀಪದ ಕೆಳಗೆ ಹಿಡಿದರು. ಅದನ್ನು ನೋಡಿದರು, ಇದನ್ನು ನೋಡಿದರು, ಮತ್ತೆ ಅದನ್ನು ನೋಡಿದರು.

"ಇದರಲ್ಲೂ ಅವರೇ" ಎಂದರು ಕೊನೆಗೆ. "ಅದೇ ಗಡ್ಡ. ಅದೇ ಬಟ್ಟೆ. ನಮ್ಮ ಅಕ್ಷರದಲ್ಲೇ ಬರೆದಿದೆ."

"ನಾನು ಹೇಳಲಿಲ್ವಾ ಅತ್ತೆ!"

"ಸುಮ್ನಿರು ನೀನು." ಅವರು ಕಣ್ಣೊರೆಸಿಕೊಂಡು ಯೂರೊವನ್ನು ತುಟಿಗೆ ಮುಟ್ಟಿಸಿದರು. "ನೋಡ್ರೋ ನಮ್ಮ ಸಂತರನ್ನ! ಯುರೋಪಿಗೆ ಹೋದ್ರೂ ಬಟ್ಟೆ ಬದಲಾಯಿಸಲಿಲ್ಲ!"

ನನ್ನ ಎದೆ ಒಲೆಯೊಳಗಿನ ಹಿಟ್ಟಿನಂತೆ ಉಬ್ಬಿತು. ಹೇಳಲು ನಾಚಿಕೆಯೇನು, ನನಗೂ ಕಣ್ಣು ತುಂಬಿತು. ಇಷ್ಟು ಸಣ್ಣ ದೇಶ, ಇಷ್ಟು ಸಲ ಎಲ್ಲ ಕಳೆದುಕೊಂಡ ಜನ, ಆದರೂ ನಮ್ಮ ಅಕ್ಷರ ನಮ್ಮ ಸಂತರು ಇನ್ನು ಪ್ಯಾರಿಸ್ಸಿನ ಜೇಬಿನಲ್ಲೂ ಝಣಗುಟ್ಟುತ್ತಾರೆ! ಅತ್ತೆ ತಾವಾಗಿಯೇ ನನ್ನ ಲೋಟಕ್ಕೆ ರಾಕಿಯಾ ಸುರಿದರು. ಮದುವೆಯಾದಂದಿನಿಂದ ಇದೇ ಮೊದಲು. ಹೊರಗೆ ಪಟಾಕಿ ಸಿಡಿದಾಗ ಅವರ ಕೈ ಹಿಡಿದು ಅಂಗಳದಲ್ಲಿ ಹೋರೊ ಸುತ್ತುಕುಣಿತ ಕುಣಿದೆ. ದಂಡಯಾತ್ರೆ ಗೆದ್ದ ಸೇನಾಪತಿಯಂತೆ ಮಲಗಿದೆ.

ಬೆಳಿಗ್ಗೆ ಎದ್ದು, ಗಡ್ಡ ಹೆರೆದು, ಮದುವೆಯ ಕೋಟು ತೊಟ್ಟೆ. ಸಾಕ್ಷಿಗೆಂದು ಕಾಲ್ಚೊನನ್ನು ಎಬ್ಬಿಸಿದೆ. ಯೂರೊ ತೆಗೆಯಲು ಮೇಜಿನ ಡ್ರಾ ಎಳೆದರೆ ಖಾಲಿ! ತಟ್ಟೆಯ ಪಕ್ಕದ ನಾಣ್ಯಗಳೂ ಇಲ್ಲ, ಪೊಟ್ಟಣಗಳೂ ಇಲ್ಲ.

"ಕಳ್ಳರು!" ಎಂದು ಕೂಗಿದೆ.

"ಕೂಗಬೇಡ, ದೀಪ ಹಚ್ಚಿದೀನಿ" ಎಂದರು ಅತ್ತೆ.

ದೇವರ ಪಟಗಳ ಹಲಗೆಯ ಮೇಲೆ ನನ್ನ ಒಂದು ಯೂರೊದ ನಾಣ್ಯಗಳೆಲ್ಲ ಹಿಂದಿನ ಸಾಲಿನಲ್ಲಿ ಒರಗಿ ನಿಂತಿದ್ದವು. ಅದರ ಮುಂದಿನ ಸಾಲಿನಲ್ಲಿ ಎರಡು ಯೂರೊದ ನಾಣ್ಯಗಳು. ಅವುಗಳ ಮುಂದೆ ಪುಡಿ ಸೆಂಟುಗಳ ಸೈನ್ಯ!

"ಅತ್ತೆ, ಬ್ರೆಡ್ ತರಬೇಕು! ಒಂದೆರಡು ಕೊಡಿ!"

"ಏನಂದೆ? ರಾಜ ಚಿನ್ನ ಕಳಿಸಿದ್ರೆ ವಾಪಸು ಕಳಿಸಿದ ಮಹಾತ್ಮ ಇವಾನರನ್ನ ಬ್ರೆಡ್ಡಿಗೆ ಮಾರ್ತೀಯಾ? ಅದೂ ನಿನ್ನೆ ರಾತ್ರಿ ಮನೆಗೆ ಬಂದೋರನ್ನ?"

"ಎರಡು ಯೂರೊದ್ದು ಕೊಡಿ."

"ಅದರಲ್ಲಿರೋದು ನಮ್ಮ ಚರಿತ್ರೆ ಬರೆದ ಪಾಯ್ಸಿ ಪಾದ್ರಿಗಳು. ಕೈ ತೆಗಿ."

"ಸೆಂಟಿನ ಮೇಲೆ ಬರೀ ಕುದುರೆ ಸವಾರ ಅತ್ತೆ! ಅವನಂತೂ ಸಂತನಲ್ಲ!"

"ಮತ್ತೆ ಸಂತರಿಗೆ ಕಾವಲು ಯಾರು, ನೀನಾ?"

ಬೀದಿಯ ತುದಿಯ ಎಟಿಎಮ್ ಹೊಸ ನೋಟು ಬರುವ ತನಕ ಬಾಯಿ ಮುಚ್ಚಿಕೊಂಡಿತ್ತು. ನಾನು ಹೆಂಡತಿಯ ಮುಖ ನೋಡಿದೆ. ಅವಳು ಕಿಟಕಿ ನೋಡಿದಳು. ಅತ್ತೆ ಭರಣಿಯ ಮುಚ್ಚಳ ತಿರುಗಿಸಿ ಹತ್ತು ಲೆವ್‌ನ ನೋಟು ತೆಗೆದರು.

"ತಗೋ. ಈ ತಿಂಗಳು ಪೂರ್ತಿ ಇದೂ ನಡೆಯುತ್ತೆ ಅಂತ ರೇಡಿಯೊ ಹೇಳಿದೆ. ಇದರ ಮೇಲಿರೋರು ಡಾಕ್ಟರು. ಡಾಕ್ಟರಿಗೆ ಮನೆಮನೆ ಸುತ್ತಿ ಅಭ್ಯಾಸ ಇದೆ."

ಮದುವೆಯ ಕೋಟಿನಲ್ಲಿ ನಾನು ಅಂಗಡಿಗೆ ನಡೆದೆ. ಕಾಫಿ ಅಂಗಡಿಯವರೆಲ್ಲ ಅಲ್ಲೇ ನೆರೆದಿದ್ದರು. ಕಾಲ್ಚೊ ಅಷ್ಟು ಹೊತ್ತಿಗೆ ಮುಂದೆ ಓಡಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದ! ನಾನು ನೋಟನ್ನು ಮುಷ್ಟಿಯೊಳಗೇ ಅಂಗಡಿಯ ಸ್ತೆಫಾನಾಳಿಗೆ ದಾಟಿಸಿದೆ. ಅವಳು ಅದನ್ನು ಬೆಳಕಿಗೆ ಹಿಡಿದು, "ಲೆವ್ವಾ ಮಿಂಚೊ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೇಳಿದಳು.

"ಭಾವಂದು ಯಾವೂರು ಅಂತಾನೂ ಕೇಳಮ್ಮ!" ಎಂದ ಕಾಲ್ಚೊ.

ನಗು ನಿಲ್ಲುವ ಹೊತ್ತಿಗೆ ಸ್ತೆಫಾನಾ ಕಾಯಿದೆಯಂತೆ ಚಿಲ್ಲರೆಯನ್ನು ಯೂರೊದಲ್ಲೇ ಕೊಟ್ಟಳು. ಫಳಫಳ ಹೊಳೆಯುವ ನಾಣ್ಯಗಳು! ಮಾನ ಹೋದರೂ ಕೈಗೆ ಯೂರೊ ಬಂತಲ್ಲ, ನಾಳೆ ಇದರಲ್ಲೇ ಬ್ರೆಡ್ ಕೊಂಡು ಎಲ್ಲರ ಬಾಯಿ ಮುಚ್ಚಿಸುತ್ತೇನೆ ಎಂದು ಎದೆ ಸೆಟೆಸಿ ಮನೆಗೆ ಬಂದೆ.

ಬಾಗಿಲಲ್ಲೇ ಅತ್ತೆ ಅಂಗೈ ಚಾಚಿ ನಿಂತಿದ್ದರು.

"ಕೊಡು ಅಳಿಯಾ. ಯಾರ್ಯಾರನ್ನ ಕರ್ಕೊಂಡು ಬಂದೆ ನೋಡೋಣ."

ಬ್ರೆಡ್ಡನ್ನು ಅವರು ನೋಡಲೂ ಇಲ್ಲ. ಸಂತರನ್ನು ಎಣಿಸಿ, ಭರಣಿಯ ಕಡೆ ತಿರುಗಿ ತೃಪ್ತಿಯಿಂದ ತಲೆದೂಗಿದರು.

"ಬ್ಯಾಂಕಿನವರಿಗಿಂತ ನೀನೇ ವಾಸಿ ಕಣಪ್ಪ. ಭರಣಿ ಖಾಲಿ ಆಗೋ ತನಕ ದಿನಾ ಒಂದೊಂದು ನೋಟು ಕೊಡ್ತೀನಿ, ಹೋಗಿ ಬಾ. ನಾಳೆ ಮಾತ್ರ ಚಿಕ್ಕ ಬ್ರೆಡ್ ತಗೋ, ಚಿಲ್ಲರೇಲಿ ಜಾಸ್ತಿ ಜನ ಬರ್ತಾರೆ!"