ಮೂಲೆ ಸೈಟಿನ ಬ್ಲಾಗು

...ಇಲ್ಲ, ಕೈ ಎತ್ತಿದ್ದು ನಾನೇ ಇರಬೇಕು. ಪಕ್ಕದಲ್ಲಿದ್ದ ನನ್ನ ಗುರು ಖಾಸಿಂ ಸಾಹೇಬರು ನನ್ನ ಮೊಣಕೈಯನ್ನು ಮೇಲಕ್ಕೆ ನೂಕಿದರೆಂದು ಇಷ್ಟು ದಿನ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ; ಹೇಳಿ ಹೇಳಿ ಅದೇ ನಿಜವಾಗಿಬಿಟ್ಟಿದೆ. ಯಾದಗಿರಿಯ ಕಲ್ಯಾಣ ಮಂಟಪವೊಂದರಲ್ಲಿ ಸೈಟು ಮಾರುವ ಏಜೆಂಟರ ಸಮಾವೇಶ. ಹೊರಗಿನಿಂದ ಬಂದ ತರಬೇತುದಾರರು ವೇದಿಕೆಯಿಂದ, ‘ಈಗಲೇ ಒಂದು ಬ್ಲಾಗ್ ಬರೆಯಲು ಯಾರು ಸಿದ್ಧ?’ ಎಂದು ಕೇಳಿದರು. ಒಂದು ಕೈ ಮೇಲಿತ್ತು. ಅದರ ಕೆಳಗೆ ನಾನಿದ್ದೆ. ಇಷ್ಟು ಮಾತ್ರ ಖಚಿತ.

ಅಂದಿನ ಹುರುಪನ್ನು ಏನೆಂದು ಹೇಳಲಿ! ಬೆಳಿಗ್ಗೆ ನಾಷ್ಟಾಕ್ಕೆ ಕೊಟ್ಟ ಸುಸಲಾ ಮಿರ್ಚಿ ಮುಗಿಯುವ ಹೊತ್ತಿಗೇ ನನ್ನ ಜೇಬು ವಿಸಿಟಿಂಗ್ ಕಾರ್ಡುಗಳಿಂದ ಉಬ್ಬಿತ್ತು. ಪರಸ್ಪರ ಪರಿಚಯ ಬೆಳೆಸಿಕೊಳ್ಳಿ ಎಂದು ತರಬೇತುದಾರರು ಹೇಳಿದಾಗ ನಾವೆಲ್ಲ ಉತ್ಸಾಹದಿಂದ ಕಾರ್ಡು ಕೊಟ್ಟು, ಅಷ್ಟೇ ಉತ್ಸಾಹದಿಂದ ಬಾಯಿ ಮುಚ್ಚಿಕೊಂಡೆವು. ಕೈಯಲ್ಲಿರುವ ಸೈಟು ಯಾವುದೆಂದು ಬಾಯಿಬಿಟ್ಟರೆ ಊಟದ ಹೊತ್ತಿಗೆ ಅದು ಬೇರೆಯವರ ಕೈ ಸೇರಿರುತ್ತದೆ.

‘ಏನದರಿ ಮಾಲು ನಿಮ್ಮ ಹಂತೇಲಿ?’ ಎಂದು ಒಬ್ಬರು ನನ್ನನ್ನು ಕೇಳಿದರು.

‘ಅದರಿ, ಏನೋ ಒಂದು ಅದ.’

‘ಎಲ್ಲಿ?’

‘ಭೂಮಿ ಮ್ಯಾಲೇ ಅದರಿ.’

ನನ್ನ ಬಳಿ ಇದ್ದದ್ದು ಒಂದೇ: ಶಹಾಪುರದಲ್ಲಿ ದೋರನಹಳ್ಳಿ ರಸ್ತೆಯ ಕಡೆಗಿನ ಮೂಲೆ ಸೈಟು. ಸುರಪುರದಲ್ಲಿ ಶಿಕ್ಷಕಿಯಾಗಿರುವ ಗುರುಬಸಮ್ಮನವರದು. ಮೂರು ವರ್ಷ ಖಾಸಿಂ ಸಾಹೇಬರ ಬೈಕಿನ ಹಿಂದೆ ಕೂತು ಕಸಬು ಕಲಿತ ಮೇಲೆ ನಾನೊಬ್ಬನೇ ಹಿಡಿದ ಮೊದಲ ವ್ಯವಹಾರ. ಇದು ಆದರೆ ನಾನೂ ಏಜೆಂಟು. ಆಗದಿದ್ದರೆ ಮತ್ತೆ ಅವರ ಹಿಂದಿನ ಸೀಟು. ವಡಗೇರಾದ ಗುಮಾಸ್ತ ಭೀಮರಾಯರು ಕೊಳ್ಳಲು ಮುಕ್ಕಾಲು ಒಪ್ಪಿದ್ದರು. ನಮ್ಮ ಕಸಬಿನ ರೀತಿ ಏನೆಂದರೆ, ಮಾಲೀಕರ ಮುಂದೆ ಸೈಟಿನ ಕುಂದು ಹೇಳಬೇಕು, ಕೊಳ್ಳುವವರ ಮುಂದೆ ಗುಣ. ‘ಎರಿಮಣ್ಣರಿ ಅಕ್ಕೋರ, ಪಾಯಾ ತಗದಷ್ಟೂ ಕೆಳಗ ಹೋಗ್ತದ. ಜಲ್ದಿ ಕೊಟ್ಟು ಕೈ ತೊಳಕೋರಿ’ ಎಂದು ಆರು ತಿಂಗಳು ಹೇಳಿ ಹೇಳಿ ಗುರುಬಸಮ್ಮನವರನ್ನು ಮಾರಾಟಕ್ಕೆ ಒಪ್ಪಿಸಿದ್ದೆ.

ವೇದಿಕೆಯ ಮೇಲೆ ಹತ್ತು ನಿಮಿಷ ಕೊಟ್ಟರು. ಮೊಬೈಲಿನ ಮೇಲೆ ಬೆರಳಿಟ್ಟೆ, ಆಮೇಲೆ ಬೆರಳು ನನ್ನ ಮಾತು ಕೇಳಲಿಲ್ಲ. ದೋರನಹಳ್ಳಿ ರಸ್ತೆಯ ಮೂಲೆ ಸೈಟಿನ ಗುಟ್ಟನ್ನೇ ಬರೆದುಬಿಟ್ಟೆ: ಸಂಜೆ ಬೇವಿನ ನೆರಳು ಆ ಸೈಟಿನ ಮೇಲೆ ಚಾಪೆ ಹಾಸುತ್ತದೆ. ಅಲ್ಲಿ ನಿಂತರೆ ಮಲಗಿದ ಬುದ್ಧನ ಆಕಾರದ ಗುಡ್ಡ ತಲೆಯಿಂದ ಕಾಲಿನವರೆಗೆ ಕಾಣುತ್ತದೆ. ಬೇಸಿಗೆಯಲ್ಲೂ ಆ ಕಡೆಯಿಂದ ತಣ್ಣನೆ ಗಾಳಿ! ಎಲ್ಲರೆದುರು ಓದಿ ಮುಗಿಸಿ, ಲೋಕಕ್ಕೆಲ್ಲ ಕಾಣುವಂತೆ ಗುಂಡಿ ಒತ್ತಿದೆ. ಗುಟ್ಟು ಕಾಯುವ ಜನರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎದ್ದದ್ದು ಊಟಕ್ಕೂ ಇರಬಹುದು.

ಖಾಸಿಂ ಸಾಹೇಬರು ಮಾತ್ರ ಕಿವಿಯ ಹತ್ತಿರ ಬಂದು, ‘ಬೇಟಾ, ಇದನ್ನ ಯಾರ‍್ಯಾರು ಓದ್ತಾರ?’ ಎಂದರು.

‘ಜಗತ್ತೇ ಓದ್ತದರಿ ಚಾಚಾ!’

ಜಗತ್ತಿನಲ್ಲಿ ಸುರಪುರವೂ ಇದೆ. ಮರುದಿನ ಗುರುಬಸಮ್ಮನವರ ಫೋನು.

‘ಏನಪಾ ತಮ್ಮಾ, ನನ್ನ ಸೈಟಿನ್ಯಾಗ ಇಷ್ಟೆಲ್ಲ ಅದ ಅಂತ ಊರಿಗೆಲ್ಲ ಹೇಳೀದಿ, ನನಗ್ಯಾಕ ಹೇಳಲಿಲ್ಲ?’

‘ಅಕ್ಕೋರ, ಅದು ಎರಿಮಣ್ಣು...’

‘ಇರಲಿ ಬಿಡು. ಸ್ಟಾಫ್ ರೂಮಿನ್ಯಾಗ ಓದೀನಿ, ಹೆಡ್‌ಮಾಸ್ತರು ಎರಡು ಸಲ ಓದಿಸ್ಯಾರ. ಇನ್ನ ಮಾರೂದಿಲ್ಲ, ಮನಿ ಕಟ್ಟಸ್ತೀನಿ. ಗುಡ್ಡ ಕಾಣೂ ಹಂಗ ಕಿಡಕಿ ಎಲ್ಲಿ ಇಡಬೇಕು, ನೀನೇ ಬಂದು ತೋರ್ಸು.’

ಭೀಮರಾಯರಿಗೆ ಹೇಳಲು ಎದೆ ಗಟ್ಟಿಮಾಡಿಕೊಂಡು ಹೋದೆ. ‘ನಾನೂ ಓದೀನ್ರಿ,’ ಎಂದರು ಅವರು. ‘ಅಂಥಾ ಸೈಟು ನಂದಿದ್ರ ನಾನರ ಯಾಕ ಮಾರ್ತಿದ್ದೆ?’

ಹೀಗೆ ನನ್ನ ಮೊದಲ ಬರಹ ಇಬ್ಬರನ್ನೂ ಪೂರ್ತಿ ಒಪ್ಪಿಸಿತು; ಮುರಿದದ್ದು ನನ್ನ ವ್ಯವಹಾರವೊಂದೇ. ಬರುವ ಭಾನುವಾರ ಗುರುಬಸಮ್ಮನವರು ಮೇಸ್ತ್ರಿಯೊಡನೆ ಕಿಟಕಿಯ ಗುರುತು ಹಾಕಿಸಲು ಬರುತ್ತಾರೆ. ಆ ಸೈಟಿನಲ್ಲಿ ನಾನು ಎಷ್ಟೋ ಸಲ ನಿಂತಿದ್ದೇನೆ; ಆದರೆ ಪ್ರತಿ ಸಲವೂ ರಸ್ತೆಗೆ ಮುಖಮಾಡಿ, ಗಿರಾಕಿಯ ದಾರಿ ಕಾಯುತ್ತ. ಗುಡ್ಡ ಅಲ್ಲಿಂದ ಕಾಣುತ್ತದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.