ಆರಾಮ ಅದೀನ್ರಿ ಅಂದ ಪೇಷಂಟು

ಆರೋಗ್ಯ ವಿಮೆ ಮಾಡಿಸುವ ನನ್ನಂಥವರು ತಮಾಷೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಸ್ಸಿನಿಂದ ಇಳಿದರೆ ಸಾಕು, ಅವೇ ಎದುರಿಗೆ ಬರುತ್ತವೆ. ನಾನು ರಾಯಚೂರಿನವಳು. ದೇವದುರ್ಗ, ಮಾನ್ವಿ ಕಡೆ ತಿರುಗಾಡಿ ಪಾಲಿಸಿ ಮಾಡಿಸುತ್ತೇನೆ. ಪಾಲಿಸಿ ಎಂದರೆ, ವರ್ಷಕ್ಕೊಮ್ಮೆ ಇಷ್ಟು ಅಂತ ಕಟ್ಟಿದರೆ, ಆಸ್ಪತ್ರೆ ಸೇರಿದಾಗ ಬಿಲ್ಲನ್ನು ಕಂಪನಿ ಕಟ್ಟುತ್ತದೆ. ಇದು ನಿಮಗೆ ಗೊತ್ತೇ ಇರುತ್ತದೆ. ಆದರೂ ಬರೆದೆ, ಯಾಕೆಂದರೆ ಬರೆಯುವುದು ನನಗೆ ಹೊಸದು, ಎಲ್ಲಿ ಬಿಟ್ಟುಹೋಗುತ್ತದೋ ಎಂಬ ಹೆದರಿಕೆ.

೧. ಅಜ್ಜಿಯ ಔಷಧ

ನಮ್ಮ ಕಡೆ ಕೆಟ್ಟ ಮಾತು ಬಾಯಿಗೆ ಬಂದರೆ ತಕ್ಷಣ "ಬಿಡ್ತು" ಅನ್ನಬೇಕು. ಅಂದರೆ ಆ ಕೆಟ್ಟದ್ದು ಅಲ್ಲಿಗೇ ತಪ್ಪಿತು ಅಂತ. ನನ್ನ ಕೆಲಸದಲ್ಲಿ ದಿನವಿಡೀ ಆಡುವುದು ಕೆಟ್ಟ ಮಾತೇ. ದೇವದುರ್ಗದಲ್ಲಿ ಒಬ್ಬ ಅಜ್ಜಿಯ ಮನೆಯಲ್ಲಿ ಶುರು ಮಾಡಿದೆ.

"ಯವ್ವಾ, ನಾಳೆ ನಿಮಗ ಹಾರ್ಟ್ ಅಟ್ಯಾಕ್ ಆದ್ರ..."

"ಬಿಡ್ತು ಅನ್ನವ್ವಾ!"

"ಬಿಡ್ತು. ಲಕ್ವಾ ಹೊಡದ್ರ..."

"ಅನ್ನು, ಅನ್ನು!"

"ಬಿಡ್ತು. ಕಿಡ್ನಿ..."

ಪಟ್ಟಿ ಮುಗಿಯುವಷ್ಟರಲ್ಲಿ ನನ್ನ ಗಂಟಲು ಒಣಗಿತ್ತು. ಅಜ್ಜಿ ನೀರು ಕೊಟ್ಟು ಹೇಳಿದರು: "ಎಲ್ಲಾ ಬ್ಯಾನಿ ನೀನೇ ಓಡಿಸಿದಿ. ಇನ್ನ ನನಗ ಪಾಲಿಸಿ ಯಾಕ? ಮಾನ್ವ್ಯಾಗ ನನ್ನ ಮಗಳ ಮನಿ ಅದ, ಅಲ್ಲಿಗೆ ಹೋಗು. ಅಳಿಯಗ ಬಾಯಿರುಚಿ ಬಾಳ, ಇದ್ರಾಗ ಯಾವ್ದರ ಒಂದು ಬ್ಯಾನಿ ಬಂದೇ ಬರ್ತದ."

"ನೀವೂ ಬಿಡ್ತು ಅನ್ರಿ ಯವ್ವಾ!"

"ಅಳಿಯಗೂ ಅನ್ನಬೇಕೇನು?" ಎಂದು ಅಜ್ಜಿ ನಿಜವಾಗಿಯೂ ಯೋಚನೆಗೆ ಬಿದ್ದರು.

೨. ಮೂರು ಕಪ್ಪು ಚಹಾ

ಅಳಿಯನಿಗೆ ಮಾನ್ವಿಯಲ್ಲಿ ಅಕ್ಕಿ ವ್ಯಾಪಾರ. ಅವರಿಗೆ ಪಾಲಿಸಿ ಮಾಡಿಸಬೇಕೆಂಬ ಹಟ ಅವರದಲ್ಲ, ಅವರ ಹೆಂಡತಿಯದು. ಆಕೆ ತಮ್ಮ ಕೈಯಲ್ಲಿದ್ದ ಪಾಟ್ಲಿ, ಅಂದರೆ ಅಗಲವಾದ ಚಿನ್ನದ ಬಳೆ, ತೋರಿಸಿ ಹೇಳಿದರು: "ಅಕ್ಕಾರ, ನಮ್ಮಪ್ಪನ ಆಪರೇಷನ್ನಿಗೆ ಅವ್ವನ ಪಾಟ್ಲಿ ಹೋದುವು. ಅದು ಆಗಿನ ಬಿಲ್ಲು. ಈಗಿನ ಬಿಲ್ಲಿಗೆ ಇವು ಗ್ಲೂಕೋಸ್ ಬಾಟ್ಲಿಗೂ ಸಾಲಂಗಿಲ್ಲ. ಇವನ್ನ ನಾ ಕೈಯಿಂದ ತೆಗ್ಯಾಕಿ ಅಲ್ಲ."

ಯಜಮಾನರು ಫಾರಂ ಮುಂದೆ ಎದೆಯುಬ್ಬಿಸಿ ಕುಳಿತರು.

"ಬಿಪಿ?"

"ಇಲ್ರಿ."

"ಶುಗರ್?"

"ಏ, ಗುಂಡುಕಲ್ಲಿನಂಗ ಅದೀನ್ರೀ!"

ಅಷ್ಟರಲ್ಲಿ ಹೆಂಡತಿ ಚಹಾ ತಂದರು. "ಅಕ್ಕಾರ, ಈ ಎರಡು ನಮ್ಮವು. ಸಕ್ರಿ ಇಲ್ಲದ್ದು ಅವರದು. ಅಂದಂಗ, ಮುಂಜಾನಿದು ಶುಗರ್ ಗುಳಿಗಿ ನುಂಗೀರಿಲ್ಲೋ?"

ಇದ್ದ ಕಾಯಿಲೆ ಮುಚ್ಚಿಟ್ಟರೆ ಮುಂದೆ ಕಂಪನಿ ಬಿಲ್ಲು ಕಟ್ಟದೆ ಇರಬಹುದು ಎಂದು ನಾನು ಹತ್ತು ನಿಮಿಷ ವಿವರಿಸಿ, ಶುಗರ್ ಇದೆ ಅಂತಲೇ ಬರೆದೆ. ಯಜಮಾನರು ಕಪ್ಪನ್ನೇ ದಿಟ್ಟಿಸಿದರು. "ಇನ್ನಮ್ಯಾಲೆ ಮಂದಿ ಮುಂದ ಚಾನೇ ಕುಡಿಯಂಗಿಲ್ಲ" ಅಂದರು.

೩. ಲಾಡ್ಜಿನ ಲೆಕ್ಕ

ವರ್ಷ ತುಂಬಿದಾಗ ಯಜಮಾನರಿಂದ ಫೋನು.

"ಅಕ್ಕಾರ, ವರ್ಷಾತು, ಒಂದು ಸೀನೂ ಬರಲಿಲ್ಲ. ಹಿಂಗಾದ್ರ ಹೆಂಗ?"

"ಒಳ್ಳೇದೇ ಆತಲ್ರಿ!"

"ಒಂದು ಕೆಲಸ ಮಾಡ್ರಿ. ಮುಂದಿನ ವಾರ ವ್ಯಾಪಾರಕ್ಕ ರಾಯಚೂರಿಗೆ ಬರಾಕತ್ತೀನಿ. ಎರಡು ದಿನ ದವಾಖಾನ್ಯಾಗ ಅಡ್ಮಿಟ್ ಮಾಡಸ್ರಿ. ಲಾಡ್ಜಿನ ರೊಕ್ಕಾರ ಉಳೀತದ."

ಕಾಯಿಲೆ ಇಲ್ಲದೆ ಹಾಗೆಲ್ಲ ಸೇರಿಸಿಕೊಳ್ಳುವುದಿಲ್ಲ, ಅದು ತಪ್ಪು ಎಂದೆ.

"ಹಂಗಾರ ಈ ಸಲ ಕಟ್ಟಂಗಿಲ್ಲ ಬಿಡ್ರಿ."

ಫೋನಿನಲ್ಲಿ ಬಳೆಗಳ ಸದ್ದು ಕೇಳಿತು, ಹಿಂದೆಯೇ ಹೆಂಡತಿಯ ದನಿ: "ಕಟ್ತಾರ್ರಿ ಅಕ್ಕಾರ. ಕಟ್ಟಲಿಲ್ಲಾಂದ್ರ ಲಾಡ್ಜಿನ್ಯಾಗೇ ಇರಲಿ, ಮನಿಗೆ ಬರೂದು ಬ್ಯಾಡ."

ಕಟ್ಟಿದರು.

೪. ಆರಾಮ

ನಾಲ್ಕು ತಿಂಗಳಿಗೆ ಯಜಮಾನರಿಗೆ ಹೊಟ್ಟೆನೋವು ಬಂತು. ರಾಯಚೂರಿನ ಆಸ್ಪತ್ರೆಗೆ ತಂದರು. ಅಪೆಂಡಿಕ್ಸ್, ಆಪರೇಷನ್ ಆಯಿತು. ಮರುದಿನ ಪರಿಶೀಲನೆಗೆ ಕಂಪನಿಯ ಸಾಹೇಬರು ಬಂದರು. ಅವರು ನೋಡಿ ಒಪ್ಪಿದರೆ ಬಿಲ್ಲು ಕಂಪನಿಯದು, ಒಪ್ಪದಿದ್ದರೆ ಪಾಟ್ಲಿಯದು. ನಾನೂ ಅವರ ಹೆಂಡತಿಯೂ ಕಾಗದಪತ್ರ ಹಿಡಿದು ನಿಂತಿದ್ದೆವು.

ಸಾಹೇಬರು ನಮ್ಮ ಕಡೆಯವರೇ. ಮಂಚದ ಹತ್ತಿರ ಬಂದು ವಾಡಿಕೆಯಂತೆ ಮಾತಾಡಿಸಿದರು: "ಏನ್ರಿ ಯಜಮಾನ್ರ, ಆರಾಮ?"

ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಒಂದೇ. ಯಜಮಾನರು ಕೈಗೆ ಸಲೈನ್ ಹಚ್ಚಿಕೊಂಡೇ ಅರ್ಧ ಎದ್ದು ಕೈಮುಗಿದರು.

"ಏಕದಂ ಆರಾಮ ಅದೀನ್ರಿ! ನನಗೇನಾಗೇದ?"

ಸಾಹೇಬರ ಪೆನ್ನು ನಿಂತಿತು. "ಏನೂ ಆಗಿಲ್ಲೇನ್ರಿ?"

"ಏನಿಲ್ರಿ, ದೇವರ ದಯಾ! ನೀವು ಆರಾಮ? ಮನ್ಯಾಗ ಎಲ್ಲಾರೂ?"

ಹೆಂಡತಿ ಮಧ್ಯೆ ನುಗ್ಗಿದರು. "ಸಾಹೇಬ್ರ, ಬರಕೋಬ್ಯಾಡ್ರಿ! ಈ ಮನುಷ್ಯಾ ಹೆಣ ಆಗಿ ಮಲಗಿದ್ರೂ ಆರಾಮ ಅಂತಾನ!"

"ಏ, ಬಿಡ್ತು ಅನ್ನು!"

"ಬಿಡ್ತು. ಅಂಗಿ ಎತ್ತಿ ಹೊಲಿಗಿ ತೋರಸ್ರಿ ಮೊದಲು!"

ಸಾಹೇಬರು ನಗು ತಡೆದುಕೊಂಡು ಆಸ್ಪತ್ರೆಯ ಫೈಲು ನೋಡಿದರು. ಅದರಲ್ಲಿ ಶುಗರ್ ಇತ್ತು. ನಮ್ಮ ಫಾರಂ ನೋಡಿದರು. ಅದರಲ್ಲೂ ಇತ್ತು. "ಮುಚ್ಚಿಟ್ಟಿಲ್ಲ, ಚಲೋ ಆತು" ಎಂದು ಸಹಿ ಹಾಕಿದರು. ಸಕ್ಕರೆಯಿಲ್ಲದ ಆ ಒಂದು ಕಪ್ಪು ಚಹಾಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಮನೆಗೆ ಕಳಿಸುವ ದಿನ ಕೌಂಟರಿನಲ್ಲಿ ಒಟ್ಟು ಬಿಲ್ಲು ಓದಿದಾಗ ಯಜಮಾನರು ಗೋಡೆ ಹಿಡಿದುಕೊಂಡರು. ಅದನ್ನು ಕಂಪನಿ ಕಟ್ಟಿದೆ ಎಂದ ಮೇಲೆ ಗೋಡೆ ಬಿಟ್ಟರು. ಹೊರಡುವಾಗ ರೂಢಿಯಂತೆ ನರ್ಸಿಗೆ "ಬರ್ತೀವ್ರಿ ಯವ್ವಾ" ಅಂದರು.

"ಯಪ್ಪಾ, ಇಲ್ಲಿಗೆ ಮತ್ತ ಬರಬ್ಯಾಡ್ರಿ!"

ಯಜಮಾನರು ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು, ಎದೆಯುಬ್ಬಿಸಿ, ಪಡಸಾಲೆಗೆಲ್ಲ ಕೇಳುವಂತೆ ಹೇಳಿದರು: "ಬಂದ್ರೇನಾತ್ರಿ? ಪಾಲಿಸಿ ಅದ!"

ಎರಡು ಪಾಟ್ಲಿಗಳೂ ಇದ್ದ ಕೈ ಅವರ ಬೆನ್ನಿಗೆ ಫಟ್ಟನೆ ಬಿತ್ತು. "ಬಿಡ್ತು ಅನ್ರಿ!"